ಹಿತ್ತಾಳೆ ಗುಂಡಿ

ದಾರದ ಗಂಟು ಬಿಗಿಯಾಗಿತ್ತು. ಹೊಲಿಗೆ ಗೊತ್ತಿದ್ದವರು ಹಾಕಿದ ಗಂಟು, ಉಗುರಿಗೆ ಸಿಗುವಂಥದ್ದಲ್ಲ. ಸಂಗೀತದ ಮೇಡಂ ಸಾಮಾನು ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹಲ್ಲಿನಿಂದ ಅದನ್ನು ಸಡಿಲಿಸಿದಳು. ಹೊರಗೆ ಹಾಲ್‌ನಲ್ಲಿ ಕುರ್ಚಿ ಎಳೆಯುವ ಸದ್ದು, ಅಪ್ಪಂದಿರ ಕೆಮ್ಮು, ಯಾರೋ ಯಾರಿಗೋ ಜಾಗ ಹಿಡಿದಿಟ್ಟು ಕೂಗುವುದು. ಇನ್ನು ಸ್ವಲ್ಪ ಹೊತ್ತಿಗೆ ಮಕ್ಕಳ ಕಾರ್ಯಕ್ರಮ ಶುರುವಾಗಬೇಕು.

ಅವಳ ಕೈಯಲ್ಲಿದ್ದದ್ದು ಗಿಲಕಿ ಮಾಡಿಕೊಂಡಿದ್ದ ಒಂದು ತಗಡಿನ ಡಬ್ಬಿ. ಅದಕ್ಕೆ ಹೂವಿನ ಬಟ್ಟೆಯ ಗವಸು, ಗವಸಿನ ಬಾಯಿಗೆ ದಾರ. ಮುಚ್ಚಳ ತೆಗೆದು ಒಳಗಿದ್ದ ಗುಂಡಿಗಳನ್ನೆಲ್ಲ ಕರವಸ್ತ್ರಕ್ಕೆ ಸುರಿದುಕೊಂಡಳು. ಸದ್ದಾಗದಂತೆ, ಕಳ್ಳರು ಮಾಡುವ ಹಾಗೆ, ಬೆರಳು ಅಡ್ಡ ಹಿಡಿದು ಮೆಲ್ಲಗೆ. ಕರವಸ್ತ್ರ ಗಂಟು ಕಟ್ಟಿ ತನ್ನ ಕೈಚೀಲಕ್ಕೆ ಹಾಕಿದಳು. ಡಬ್ಬಿಯೊಳಗೆ ಪಾತ್ರೆ ತಿಕ್ಕುವ ಸ್ಪಂಜಿನ ಚೂರುಗಳನ್ನು ತುಂಬಿ ಅಲ್ಲಾಡಿಸಿ ನೋಡಿದಳು. ಏನೂ ಇಲ್ಲ. ಮತ್ತೆ ಗವಸು ಹಾಕಿ ದಾರ ಬಿಗಿದಳು. ಗಂಟು ಮೊದಲಿನ ಹಾಗೆ ಬರಲಿಲ್ಲ. ಯಾರು ನೋಡುತ್ತಾರೆ ಅದನ್ನು, ಎಂದುಕೊಂಡಳು.

ಆ ಡಬ್ಬಿ ಜೀರುಂಡೆಯದು. ಆರು ವರ್ಷದ ಹುಡುಗಿ, ಮಾತಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಖುಷಿಯಾದಾಗ ಗುಂಯ್ ಎಂದು ಒಂದೇ ಸ್ವರ ಹಿಡಿದು ಕೂರುತ್ತಾಳೆ. ಅದಕ್ಕೇ ಅವಳಮ್ಮ ಇಟ್ಟ ಹೆಸರು ಅದು. ಅಮ್ಮ ಪಕ್ಕದ ಗಲ್ಲಿಯಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡಿರುವ ಟೈಲರಮ್ಮ.

ಮೇಡಂ ತರಗತಿಯಲ್ಲಿ ಅಂಗಡಿಯಿಂದ ತಂದ ವಾದ್ಯ ಅಂದರೆ ಅವಳ ಡೋಲಕ್ ಒಂದೇ. ಮಕ್ಕಳು ಸೇರಿದ ಹೊಸದರಲ್ಲಿ ಒಂದು ಆಟ ಆಡುತ್ತಾರೆ. ಕಣ್ಣು ಮುಚ್ಚಿ ಕೂರಬೇಕು. ಮೇಡಂ ಬಟ್ಟಲಿನಿಂದ ಬಟ್ಟಲಿಗೆ ಅಕ್ಕಿ, ಮಣಿ, ಕಾಳು, ಕಲ್ಲು ಸುರಿಯುತ್ತ ಹೋಗುತ್ತಾಳೆ. ಯಾವ ಸದ್ದಿಗೆ ಮಗು ಕೈ ಚಾಚುತ್ತದೋ ಅದು ಆ ಮಗುವಿನ ಡಬ್ಬಿಗೆ. ಗಾಲಿಕುರ್ಚಿಯಲ್ಲಿ ಬರುವ ಹುಡುಗ, ಎಲ್ಲರೂ ಇಂಜಿನ್ ಎಂದು ಕರೆಯುವವನು, ಕಲ್ಲು ಆರಿಸಿದ್ದ. ನಾಲ್ಕು ವರ್ಷದ ಇನ್ನೊಬ್ಬಳು ಅಕ್ಕಿಗೆ ಕೈ ಚಾಚಿ, "ಯಾಕೆ ಇದು ಮಳೆ ಥರ?" ಎಂದು ಕೇಳಿದ್ದಳು. ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದದ್ದರಿಂದ ಅವಳ ಹೆಸರೇ 'ಯಾಕೆ' ಎಂದಾಗಿತ್ತು. ಜೀರುಂಡೆ ಮಾತ್ರ ಯಾವುದಕ್ಕೂ ಕೈ ಚಾಚಲಿಲ್ಲ. ವಾರಗಟ್ಟಲೆ ಗೋಡೆಯ ಕಡೆ ತಿರುಗಿ ಕೂತಳು.

ಒಂದು ದಿನ ಮಗಳನ್ನು ಕರೆದೊಯ್ಯಲು ಬಂದ ಟೈಲರಮ್ಮನ ಕೈಯಿಂದ ಗುಂಡಿಗಳ ಪೆಟ್ಟಿಗೆ ಜಾರಿ ಬಿತ್ತು. ನೆಲದ ತುಂಬ ಗುಂಡಿಗಳು ಉರುಳಿದವು. ಜೀರುಂಡೆ ಗೋಡೆ ಬಿಟ್ಟು ಎದ್ದು ಬಂದು ಅವುಗಳ ನಡುವೆ ಕೂತಳು. ಒಂದೊಂದನ್ನೇ ಎತ್ತಿ ನೆಲಕ್ಕೆ ಬಿಟ್ಟು, ಕಿವಿ ಕೊಟ್ಟು, ಕೆಲವನ್ನು ಬದಿಗಿಟ್ಟುಕೊಂಡಳು, ಕೆಲವನ್ನು ತಳ್ಳಿದಳು. ಅವುಗಳ ಜೊತೆಗೆ ಕೊನೆಯದಾಗಿ ಆರಿಸಿಕೊಂಡದ್ದು ಒಂದು ದೊಡ್ಡ ಹಿತ್ತಾಳೆ ಗುಂಡಿ. ಯಾರೋ ಬ್ಯಾಂಡ್‌ನವನು ರಿಪೇರಿಗೆ ಕೊಟ್ಟು ಮತ್ತೆ ಬಾರದೆ ಹೋದ ಕೋಟಿನದು.

"ನೋಡಿ, ನಿಮ್ಮ ಮಗಳಿಗೆ ತನಗೆ ಏನು ಬೇಕು ಅಂತ ಗೊತ್ತು," ಎಂದಿದ್ದಳು ಮೇಡಂ. ಆಮೇಲೆ ಹೊಸ ಅಮ್ಮಂದಿರಿಗೆಲ್ಲ ಹೇಳುವ ಮಾತನ್ನು ಇವಳಿಗೂ ಹೇಳಿದ್ದಳು: "ಈ ಕೋಣೇಲಿ ತಪ್ಪು ಸದ್ದು ಅಂತ ಇಲ್ಲ. ಅದೊಂದು ನೆನಪಿಟ್ಟುಕೊಳ್ಳಿ ಸಾಕು."

ಅದನ್ನು ಹೇಳುವಾಗ ಅವಳು ನಂಬಿಯೇ ಹೇಳಿದ್ದಳು.

ಮಕ್ಕಳಿಗೆ ಪ್ರಾಣವಾಗಿದ್ದ ಆಟ 'ಹರಿಯೋ ನೀರು, ನಿಂತ ನೀರು'. ಮೇಡಂ ಡೋಲಕ್ ಬಾರಿಸಿದರೆ ಎಲ್ಲರೂ ಹರಿಯುವ ನೀರು, ಗಿಲಕಿ ಅಲ್ಲಾಡಿಸುತ್ತ ಹಾಲ್ ತುಂಬ ಓಡಬೇಕು. ಡೋಲಕ್ ನಿಂತರೆ ನಿಂತ ನೀರು. ಒಂದು ಹನಿಯೂ ಅಲ್ಲಾಡಬಾರದು. ನಿಲ್ಲುವುದನ್ನು ಕಲಿಯುವುದೇ ಲಯ ಕಲಿಯುವುದು ಎಂದು ಅವಳ ಲೆಕ್ಕ. ಇಂಜಿನ್ ಬ್ರೇಕ್ ಹಾಕಿ ಬಾಯಲ್ಲೇ ಕಿರ್ರ್ ಎನ್ನುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಜೀರುಂಡೆ ಮಾತ್ರ ಆಟವನ್ನು ತಿರುಗುಮುರುಗು ಹಿಡಿದಿದ್ದಳು. ಎಲ್ಲರೂ ಗಲಗಲ ಎನ್ನುವಾಗ ಡಬ್ಬಿಯನ್ನು ಕೆನ್ನೆಗೆ ಒತ್ತಿ ಸುಮ್ಮನೆ ನಿಂತಿರುವಳು. ಡೋಲಕ್ ನಿಂತು ಎಲ್ಲವೂ ನಿಶ್ಶಬ್ದವಾದ ತಕ್ಷಣ ಗಿಲ್ ಗಿಲ್ ಎಂದು ಅಲ್ಲಾಡಿಸುವಳು. ಮಿಕ್ಕ ದಿನ ಮಕ್ಕಳು ನಗುತ್ತಿದ್ದರು, ಮೇಡಂ ಕೂಡ ನಗುತ್ತಿದ್ದಳು.

ಕಾರ್ಯಕ್ರಮಕ್ಕೆ ಮುಂಚೆ ಹಾಲ್‌ನ ಕಾರ್ಯದರ್ಶಿ ಬಂದು ಹೋಗಿದ್ದರು. ಒಳ್ಳೆಯ ಮನುಷ್ಯನೇ. "ಕಳೆದ ಸಲದ್ದು ಸ್ವಲ್ಪ ಗಲಾಟೆ ಥರ ಇತ್ತು ಮೇಡಂ. ಈ ಸಲ ಸಂಗೀತದ ಥರ ಇರಲಿ," ಎಂದು ನಗುತ್ತ ಹೇಳಿದ್ದರು. ಆ ನಗು ಅವಳ ಕಿವಿಯಲ್ಲಿ ಉಳಿದುಬಿಟ್ಟಿತು. ಬಂದವರಿಗೆಲ್ಲ ಒಂದು ಸಲ, ಒಂದೇ ಒಂದು ಸಲ, ಆ ನಿಶ್ಶಬ್ದ ಕೇಳಿಸಬೇಕು. ಇಷ್ಟೊಂದು ಮಕ್ಕಳು, ಅದೂ ಇಂಥ ಮಕ್ಕಳು, ಏಕಕಾಲಕ್ಕೆ ನಿಲ್ಲುವುದನ್ನು ಅವರು ನೋಡಬೇಕು. ಯಾರಿಗೆ ತೋರಿಸಬೇಕಾಗಿತ್ತು ಅದನ್ನು? ಮಕ್ಕಳಿಗಂತೂ ಅಲ್ಲ.

ಕಾರ್ಯಕ್ರಮ ಅವಳು ಅಂದುಕೊಂಡಂತೆಯೇ ಆಯಿತು. ಡೋಲಕ್ ನಿಂತಿತು. ಹಾಲ್ ನಿಂತಿತು. ಫ್ಯಾನಿನ ಸದ್ದು ಕೂಡ ಕೇಳುವಷ್ಟು. ಮೊದಲ ಸಾಲಿನಲ್ಲಿ ಯಾರೋ ಉಸಿರು ಒಳಕ್ಕೆಳೆದುಕೊಂಡರು.

ಆ ನಿಶ್ಶಬ್ದದಲ್ಲಿ, ಮುಂದಿನ ಮಕ್ಕಳ ಅರ್ಧ ಮರೆಯಲ್ಲಿ ನಿಂತಿದ್ದ ಜೀರುಂಡೆ ಡಬ್ಬಿ ಅಲ್ಲಾಡಿಸಿದಳು.

ಏನೂ ಬರಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದಳು. ಕೆನ್ನೆಗೆ ಒತ್ತಿದಳು. ಈ ಕಿವಿಗೆ ಹಿಡಿದಳು, ಆ ಕಿವಿಗೆ ಹಿಡಿದಳು. ಅಂಗೈಯಿಂದ ಡಬ್ಬಿಯ ತಳವನ್ನು ತಟ್ಟಿದಳು, ಮಲಗಿದವರನ್ನು ಎಬ್ಬಿಸುವ ಹಾಗೆ. ಆಮೇಲೆ ಕೈ ಕೆಳಗಿಳಿಸಿ ನಿಂತುಬಿಟ್ಟಳು. ಅವಳ ಮುಖದಲ್ಲಿ ಯಾವತ್ತೂ ಏನೂ ಕಾಣುವುದಿಲ್ಲ, ಆಗಲೂ ಕಾಣಲಿಲ್ಲ. ಅದನ್ನೇ ಮೇಡಂಗೆ ಸಹಿಸಲಾಗಲಿಲ್ಲ. ಅಷ್ಟರಲ್ಲಿ ಚಪ್ಪಾಳೆ ಬಿತ್ತು.

ಟೈಲರಮ್ಮ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಅತ್ತು ಕಣ್ಣು ಮೂಗು ಒಂದಾಗಿತ್ತು. "ಮೇಡಂ, ನಿಂತಳು ಮೇಡಂ! ನನ್ನ ಮಗಳು ನಿಂತಳು! ನಮ್ಮತ್ತೆ ಕೂಡ ಚಪ್ಪಾಳೆ ಹೊಡೆದ್ರು ಕಣ್ರೀ. ಇದಕ್ಕೆ ಏನು ಕಲಿಸಿದ್ರೂ ಅಷ್ಟೇ ಅಂತಿದ್ದವರು! ವಿಡಿಯೋ ಮಾಡಿದೀನಿ. ಇವತ್ತೇ ಎಲ್ಲರಿಗೂ ಕಳಿಸ್ತೀನಿ."

"ಎಲ್ಲ ಅವಳದೇ," ಎಂದಳು ಮೇಡಂ. ಆ ಮಾತು ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ.

ಎಲ್ಲರೂ ಹೋದ ಮೇಲೆ ಸಾಮಾನು ಕೋಣೆಯಲ್ಲಿ ಸ್ಪಂಜು ಕಿತ್ತೆಸೆದು ಗುಂಡಿಗಳನ್ನು ಮತ್ತೆ ಡಬ್ಬಿಗೆ ಹಾಕಿದಳು. ಕರವಸ್ತ್ರದ ಗಂಟು ಚೀಲದೊಳಗೆ ಬಿಚ್ಚಿಕೊಂಡಿತ್ತು. ಕೈಯಾಡಿಸಿ ಹುಡುಕಿ, ಸಿಕ್ಕಿದ್ದನ್ನೆಲ್ಲ ತುಂಬಿದಳು. ಅಲ್ಲಾಡಿಸಿದರೆ ಸದ್ದು ಬಂತು. ಸರಿ, ಮುಗಿಯಿತು. ಯಾರಿಗೇನು ನಷ್ಟವಾಯಿತು?

ಮನೆಗೆ ಬಂದು ಚೀಲ ಮೇಜಿನ ಮೇಲೆ ಇಟ್ಟಳು. ತನ್ನ ಗಂಡ ತೀರಿಕೊಂಡ ಮೇಲೆ ಇವಳ ಜೊತೆಗೇ ಬಂದಿರುವ ಅಕ್ಕ ಅಡುಗೆಮನೆಯಿಂದ ಇಣುಕಿದಳು. "ಏನೇ ಅದು, ನಿನ್ನ ಚೀಲ ಠಣ್ ಅನ್ನುತ್ತೆ? ಕೊರಳಿಗೆ ಗಂಟೆ ಕಟ್ಟಿಕೊಂಡಿದ್ದೀಯಾ?"

"ಮನೆ ಬೀಗದ ಕೈ ಇರಬೇಕು."

"ಬೀಗದ ಕೈ ನನ್ನ ಹತ್ತಿರ ಇದೆಯಲ್ಲೇ, ಮಹರಾಯ್ತಿ. ನಾನು ಬಾಗಿಲು ತೆಗೆದದ್ದು ಯಾವುದರಲ್ಲಿ, ಪಾಯಸದ ಸೌಟಿನಲ್ಲಾ?"

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಅಕ್ಕ ಅವಳ ಮುಖ ನೋಡಿ, "ಯಾಕೆ, ಚೆನ್ನಾಗಿ ಆಗಲಿಲ್ಲವಾ?" ಎಂದಳು.

"ತುಂಬಾ ಚೆನ್ನಾಗಿ ಆಯ್ತು."

"ಮತ್ತೆ ಈ ಮುಖ ಯಾರ ಮನೆಯದ್ದು?"

ಮೇಡಂ ಮುಖ ತೊಳೆಯಲು ಹೋದವಳು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ತಳ ತಟ್ಟುತ್ತಿದ್ದ ಆ ಪುಟ್ಟ ಅಂಗೈ ಕಣ್ಣಿಗೆ ಕಟ್ಟಿತ್ತು.

ಮುಂದಿನ ತರಗತಿಯಲ್ಲಿ ಅವಳು ಎಲ್ಲರಿಗಿಂತ ಮೊದಲು ಜೀರುಂಡೆಗೆ ಡಬ್ಬಿ ಕೊಟ್ಟಳು. ಲಂಚ ಕೊಟ್ಟ ಹಾಗೆ. ಹುಡುಗಿ ಮೊದಲು ದಾರದ ಗಂಟನ್ನು ಬೆರಳಿನಿಂದ ಮುಟ್ಟಿದಳು. ಕೆನ್ನೆಗೆ ಒತ್ತಿ ಒಮ್ಮೆ ಅಲ್ಲಾಡಿಸಿದಳು. ಗುಂಡಿಗಳು ಗಿಲಗಿಲ ಎಂದವು. ಮೇಡಂ ಉಸಿರು ಬಿಟ್ಟಳು. ಜೀರುಂಡೆ ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಹೋಗಿ ಬಾಗಿಲ ಪಕ್ಕ ಗೋಡೆಯ ಕಡೆ ತಿರುಗಿ ಕೂತಳು.

ಹೆಸರಿನ ಚೆಂಡಿನ ಆಟ ಬಂತು. ಚೆಂಡು ಉರುಳಿಸಿ, ಅದು ಯಾರ ಹತ್ತಿರ ಹೋಗುತ್ತದೋ ಅವರ ಹೆಸರನ್ನು ಎಲ್ಲರೂ ಎರಡು ಸ್ವರದಲ್ಲಿ ಹಾಡಬೇಕು. "ಜೀ-ರುಂಡೆ" ಎಂದು ಎಲ್ಲರೂ ಹಾಡಿದರು. ಚೆಂಡು ಅವಳ ಬೆನ್ನಿಗೆ ತಾಗಿ ನಿಂತಿತು. ಅವಳು ತಿರುಗಲಿಲ್ಲ.

"ಯಾಕೆ ಅವಳು ಆಡಲ್ಲ?" ಎಂದಳು 'ಯಾಕೆ'.

"ಇವತ್ತು ಅವಳಿಗೆ ಮನಸ್ಸಿಲ್ಲ, ಪುಟ್ಟಾ."

"ಯಾಕೆ ಮನಸ್ಸಿಲ್ಲ?"

ಮೇಡಂ ಡೋಲಕ್ ಬಾರಿಸತೊಡಗಿದಳು. ಮಗುವಿನ ಬಾಯಿ ಮುಚ್ಚಿಸಲು ಡೋಲಕ್ ಬಾರಿಸಿದ್ದು ಅದೇ ಮೊದಲು.

ಇನ್ನೊಂದು ವಾರ ಹೋಯಿತು, ಮತ್ತೊಂದೂ ಹೋಯಿತು. ಜೀರುಂಡೆ ಗೋಡೆ ಬಿಡಲಿಲ್ಲ. ಟೈಲರಮ್ಮನ ಮುಖ ಬಾಡಿತ್ತು. "ಮನೇಲೂ ಗುಂಯ್ ಅನ್ನೋದು ಬಿಟ್ಟುಬಿಟ್ಟಿದಾಳೆ ಮೇಡಂ. ಮೊದಲು ತಲೆ ತಿಂತಾಳೆ ಅಂತ ಬೈತಿದ್ದೆ. ಈಗ ಮನೆ ಬಿಕೋ ಅನ್ನುತ್ತೆ. ಯಾರ ಕಣ್ಣು ಬಿತ್ತೋ. ಆ ವಿಡಿಯೋ ನಾನು ಎಲ್ಲರಿಗೂ ಕಳಿಸಬಾರದಿತ್ತು ಅಲ್ವಾ? ನನ್ನದೇ ತಪ್ಪು."

"ಛೆ, ಹಾಗೆಲ್ಲ ಇಲ್ಲ," ಎಂದಳು ಮೇಡಂ. ತನ್ನ ತಪ್ಪನ್ನು ಈ ಹೆಂಗಸು ಎತ್ತಿಕೊಂಡು ತನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದಾಳೆ, ತಾನು ನೋಡುತ್ತ ನಿಂತಿದ್ದೇನೆ ಎನ್ನುವುದು ಅವಳಿಗೆ ಗೊತ್ತಿತ್ತು. ನಿಜ ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಇವಳು ಇನ್ನು ಮಗಳನ್ನು ತನ್ನ ಕೈಗೆ ಒಪ್ಪಿಸುವುದಿಲ್ಲ. ಹೇಳದಿದ್ದರೆ ಮಗು ಆ ಗೋಡೆಯನ್ನು ಬಿಡುವುದಿಲ್ಲ.

ಮಾತು ಬದಲಿಸಲು ಚೀಲದಲ್ಲಿ ಹಾಲ್‌ನ ಬೀಗದ ಕೈಗಾಗಿ ತಡಕಾಡಿದಳು. ಟೈಲರಮ್ಮನ ಕಣ್ಣು ಚೀಲದ ಒಳಗೆ ಹೋಯಿತು. ಹೊಲಿಯುವವರ ಕಣ್ಣು ಹಾಗೇ.

"ಅಯ್ಯೋ, ಲೈನಿಂಗ್ ಹರಿದು ಜೋತಾಡ್ತಿದೆಯಲ್ಲ ಮೇಡಂ! ಬೀಗದ ಕೈ ಅದರೊಳಗೆ ಹೋಗಿ ಕೂತರೆ ಈ ಜನ್ಮದಲ್ಲಿ ಸಿಗಲ್ಲ. ಬನ್ನಿ, ಅಂಗಡೀಲಿ ಎರಡು ನಿಮಿಷದ ಕೆಲಸ."

"ಬೇಡ ಬೇಡ, ಹಳೇ ಚೀಲ."

"ಹಳೇದಾದರೇನು? ನೀವು ನನಗೆ ಮಾಡಿದ್ದಕ್ಕೆ ನಾನು ಇಷ್ಟಾದರೂ ಮಾಡಬೇಡವಾ?" ಎಂದು ಚೀಲವನ್ನು ಕೈಯಿಂದ ಕಿತ್ತುಕೊಂಡೇ ಹೊರಟಳು.

ಅಂಗಡಿ ಎಂದರೆ ಒಂದು ಕಿರಿದಾದ ಕೋಣೆ. ಬೀದಿಯ ಕಡೆಗೆ ಹೊಲಿಗೆ ಯಂತ್ರ, ಹಿಂದೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಅರ್ಧ ಹೊಲಿದ ಬ್ಲೌಸುಗಳು, ಒಂದು ಮೂಲೆಯಲ್ಲಿ ತೋಳು ಕಿತ್ತ ಕೆಂಪು ಕೋಟು. ಜೀರುಂಡೆ ಬಂದವಳೇ ಮೇಜಿನ ಕೆಳಗೆ ಬಟ್ಟೆ ಚೂರುಗಳ ರಾಶಿಯಲ್ಲಿ ಹೋಗಿ ಕೂತಳು. ಮೇಡಂ ಸ್ಟೂಲಿನ ಮೇಲೆ ಕೂತಳು. ಟೈಲರಮ್ಮ ಚೀಲದ ಸಾಮಾನೆಲ್ಲ ಮೇಜಿನ ಮೇಲೆ ಸುರಿದು, ಒಳಗಿನ ಹರಿದ ಅಸ್ತರನ್ನು ಕಾಲುಚೀಲ ತಿರುಗಿಸುವ ಹಾಗೆ ಹೊರಕ್ಕೆ ತಿರುಗಿಸಿ ಒದರಿದಳು.

ಠಣ್ ಎಂದು ಏನೋ ನೆಲಕ್ಕೆ ಬಿದ್ದು ಉರುಳಿತು.

ಮೇಜಿನ ಕೆಳಗಿದ್ದ ತಲೆ ತಟ್ಟನೆ ಮೇಲೆದ್ದಿತು.

ಟೈಲರಮ್ಮ ಬಗ್ಗಿ ಎತ್ತಿಕೊಂಡಳು. ಹಿತ್ತಾಳೆ ಗುಂಡಿ. ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, ಮೂಲೆಯಲ್ಲಿದ್ದ ಬ್ಯಾಂಡ್‌ನವನ ಕೆಂಪು ಕೋಟನ್ನು ನೋಡಿದಳು. "ಇದು ಇವಳ ಡಬ್ಬೀದು! ಇಲ್ಲಿಗೆ ಹೇಗೆ ಬಂತು?" ಎಂದವಳು ತಾನೇ ಉತ್ತರವನ್ನೂ ಕೊಟ್ಟಳು, "ಮುಚ್ಚಳ ಸಡಿಲ ಆಗಿ ಉದುರಿರಬೇಕು. ನೀವು ಎತ್ತಿಟ್ಟುಕೊಂಡು ಮರೆತಿದ್ದೀರ. ಪಾಪ, ಇಷ್ಟೊಂದು ಮಕ್ಕಳ ಸಾಮಾನಲ್ಲಿ ಯಾವುದು ಅಂತ ನೆನಪಿರುತ್ತೆ?"

ಹೌದು ಎಂದರೆ ಸಾಕಿತ್ತು. ತಲೆಯಾಡಿಸಿದ್ದರೂ ಸಾಕಿತ್ತು. ಬಾಗಿಲನ್ನು ಅವಳೇ ತೆರೆದು ಹಿಡಿದಿದ್ದಳು, ಮೇಡಂ ಬರೀ ಹೊರಗೆ ನಡೆದುಹೋಗಬೇಕಿತ್ತು.

"ಉದುರಿದ್ದಲ್ಲ," ಎಂದಳು ಮೇಡಂ. "ನಾನೇ ತೆಗೆದದ್ದು."

"ಆಂ?"

"ಕಾರ್ಯಕ್ರಮದ ದಿನ. ಎಲ್ಲ ಗುಂಡೀನೂ ತೆಗೆದು ಸ್ಪಂಜು ತುಂಬಿದ್ದೆ. ಎಲ್ಲರೂ ನಿಂತಾಗ ಅವಳು ಅಲ್ಲಾಡಿಸಿಬಿಡ್ತಾಳೆ ಅಂತ. ಅವಳು ಅಲ್ಲಾಡಿಸಿದಳು ಕೂಡ. ಸದ್ದು ಬರಲಿಲ್ಲ, ಅಷ್ಟೇ. ಆಮೇಲೆ ವಾಪಸ್ಸು ಹಾಕಿದೆ. ಇದೊಂದು ಉಳಿದದ್ದು ನನಗೆ ಗೊತ್ತಾಗಲಿಲ್ಲ."

ಟೈಲರಮ್ಮ ಯಂತ್ರದ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಪೋಣಿಸುವವಳಿಗೆ ಎರಡು ಸಲ ತಪ್ಪಿತು.

"ಅಂದರೆ ಅವಳು ನಿಂತಿದ್ದಲ್ಲ."

"ಅಲ್ಲ."

"ಊರಿಗೆಲ್ಲ ತೋರಿಸಿದೆ ನಾನು ಅದನ್ನ. ನಮ್ಮತ್ತೆ ದಿನಾ ಒಂದು ಸಲ ಹಾಕಿಸಿಕೊಂಡು ನೋಡ್ತಾರೆ." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮೇಡಂಗೆ. "ಈ ಕೋಣೇಲಿ ತಪ್ಪು ಸದ್ದು ಅಂತ ಇಲ್ಲ ಅಂದಿದ್ರಿ. ಆ ಮಾತಿಗೇ ನಾನು ಇವಳನ್ನ ನಿಮ್ಮ ಹತ್ರ ಬಿಟ್ಟಿದ್ದು. ಹಾಡು ಕಲೀಲಿ ಅಂತ ಅಲ್ಲ."

"ನನ್ನದು ತಪ್ಪಾಯ್ತು."

"ನನಗ್ಯಾಕೆ ಹೇಳ್ತೀರ? ಡಬ್ಬಿ ನಂದಾ?" ಗುಂಡಿಯನ್ನು ಮೇಡಂ ಕಡೆ ಚಾಚಿದಳು. "ಅವಳಿಗೆ ಹೇಳಿ."

ಮೇಡಂ ಗುಂಡಿ ತೆಗೆದುಕೊಂಡಳು. ಬಾಯಿ ತಪ್ಪಿ ಬಂದುಬಿಟ್ಟಿತು: "ಅವಳಿಗೆ ಅರ್ಥ ಆಗುತ್ತಾ?"

"ತೆಗೆಯೋವಾಗ ಅದನ್ನ ಯೋಚಿಸಿದ್ರಾ?"

ಮೇಡಂ ನೆಲದ ಮೇಲೆ ಕೂತಳು. ಮಂಡಿ ನೋಯುತ್ತಿತ್ತು, ತೆವಳಿಕೊಂಡು ಮೇಜಿನ ಕೆಳಗೆ ತಲೆ ಹಾಕಿದಳು. ಜೀರುಂಡೆ ಎಂದಿನಂತೆ ಅವಳ ಮುಖ ಬಿಟ್ಟು ಎಲ್ಲೋ ನೋಡುತ್ತಿದ್ದಳು.

"ಜೀರುಂಡೆ," ಎಂದಳು. "ನಿನ್ನ ಗುಂಡಿ ನಾನು ತೆಗೆದುಬಿಟ್ಟೆ. ನಿನ್ನ ಕೇಳದೆ. ಡಬ್ಬಿ ಕೆಟ್ಟಿರಲಿಲ್ಲ, ಪುಟ್ಟಾ. ನೀನೂ ಏನೂ ತಪ್ಪು ಮಾಡಿರಲಿಲ್ಲ. ನಾನು ಮಾಡಿದ್ದು."

ಹುಡುಗಿ ಕೈ ಚಾಚಿದಳು. ಮುಖ ತಿರುಗಿಸಲಿಲ್ಲ, ಕೈ ಮಾತ್ರ. ಮೇಡಂ ಆ ಅಂಗೈಯಲ್ಲಿ ಗುಂಡಿ ಇಟ್ಟಳು. ಬಟ್ಟೆ ಚೂರುಗಳ ನಡುವೆ ಜೀರುಂಡೆ ಒಂದು ಖಾಲಿ ಸೂಜಿಡಬ್ಬಿ ಹುಡುಕಿ ಗುಂಡಿಯನ್ನು ಅದರೊಳಗೆ ಹಾಕಿ ಮುಚ್ಚಿದಳು.

ಮೇಲೆ ಟೈಲರಮ್ಮ ಪೆಡಲ್ ತುಳಿದಳು. ಯಂತ್ರ ಟಕಟಕ ಎಂದು ಓಡಿತು, ಅಸ್ತರಿನ ಹರಿದ ಅಂಚಿನ ಉದ್ದಕ್ಕೂ. ಜೀರುಂಡೆ ಸೂಜಿಡಬ್ಬಿಯನ್ನು ಕೆನ್ನೆಗೆ ಒತ್ತಿಕೊಂಡು ಅಲ್ಲಾಡದೆ ಕೂತಳು. ಮೂಲೆ ಬಂತು, ಬಟ್ಟೆ ತಿರುಗಿಸಲು ಟೈಲರಮ್ಮ ಪೆಡಲ್ ನಿಲ್ಲಿಸಿದಳು. ಕೋಣೆ ನಿಶ್ಶಬ್ದವಾಯಿತು.

ಠಣ್, ಠಣ್.

ಯಂತ್ರ ಮತ್ತೆ ಓಡಿತು. ಡಬ್ಬಿ ಮತ್ತೆ ಕೆನ್ನೆಗೆ ಹೋಯಿತು. ಹುಡುಗಿ ಕಾಯುತ್ತಿದ್ದಳು. ಅಷ್ಟು ಹತ್ತಿರದಿಂದ ಅವಳನ್ನು ಮೇಡಂ ಹಿಂದೆಂದೂ ನೋಡಿರಲಿಲ್ಲ. ಕಣ್ಣು ಅರೆಮುಚ್ಚಿತ್ತು, ಕತ್ತು ಯಂತ್ರದ ಕಡೆ ವಾಲಿತ್ತು. ಎಲ್ಲರೂ ಗಲಗಲ ಎನ್ನುವಾಗ ಅವಳ ಡಬ್ಬಿಯ ಸದ್ದು ಅವಳಿಗೇ ಕೇಳಿಸುವುದಿಲ್ಲ. ಎಲ್ಲರೂ ನಿಂತರೆ ಮಾತ್ರ ಕೇಳಿಸುತ್ತದೆ. ಅವಳು ಆಟವನ್ನು ತಿರುಗುಮುರುಗು ಆಡಿರಲೇ ಇಲ್ಲ. ಎಲ್ಲರ ಸದ್ದೂ ಮುಗಿಯಲಿ ಎಂದು ಕಾದಿದ್ದು, ತನ್ನ ಸರದಿ ಬಂದಾಗ ಬಾರಿಸಿದ್ದಳು. ಅದೊಂದು ನಿಶ್ಶಬ್ದವನ್ನು ಅವಳಿಗಾಗಿ ಬಿಟ್ಟುಕೊಡುವ ಬದಲು ಮೇಡಂ ಅದನ್ನು ಕುರ್ಚಿಯ ಮೇಲೆ ಕೂತವರಿಗೆ ಹಂಚಿದ್ದಳು.

ಇಷ್ಟು ವರ್ಷ ಮಕ್ಕಳಿಗೆ ಕೇಳಿಸಿಕೊಳ್ಳುವುದನ್ನು ಕಲಿಸುತ್ತ ಬಂದವಳು. ಮೇಜಿನ ಕೆಳಗೆ, ಬಟ್ಟೆಯ ಧೂಳಿನಲ್ಲಿ, ಮೇಡಂಗೆ ಅಳು ಬರಲಿಲ್ಲ. ಅಳಲು ಕೂಡ ತನಗೆ ಹಕ್ಕಿಲ್ಲ ಎನ್ನಿಸಿತು.

ಟೈಲರಮ್ಮನಿಗೂ ಗೊತ್ತಾಗಿತ್ತು. ಹೊಲಿಗೆ ಮುಗಿದಿತ್ತು, ಆದರೂ ಒಂದು ಬೇಡದ ಬಟ್ಟೆ ಚೂರನ್ನು ಸೂಜಿಯ ಕೆಳಗಿಟ್ಟು ಪೆಡಲ್ ತುಳಿದಳು, ನಿಲ್ಲಿಸಿದಳು.

ಠಣ್, ಠಣ್, ಠಣ್.

"ಕಳ್ಳಿ," ಎಂದಳು ಅಮ್ಮ ಮಗಳಿಗೆ.

ಮೇಡಂ ಎದ್ದು ಸೀರೆಗೆ ಅಂಟಿದ ದಾರದ ಎಳೆಗಳನ್ನು ಕೊಡವಿಕೊಂಡಳು. ಟೈಲರಮ್ಮ ಸಾಮಾನುಗಳನ್ನು ಒಂದೊಂದಾಗಿ ತುಂಬಿ ಚೀಲ ಕೊಟ್ಟಳು. ಅಸ್ತರಿನ ಹೊಲಿಗೆ ಹೊಸದರ ಹಾಗಿತ್ತು.

"ಕಾರ್ಯದರ್ಶಿಗಳಿಗೆ ನಾನೇ ಹೇಳ್ತೀನಿ," ಎಂದಳು ಮೇಡಂ. "ನಿಮ್ಮತ್ತೆಗೂ ನಾನೇ ಬಂದು ಹೇಳ್ತೀನಿ."

"ನಮ್ಮತ್ತೆಗೆ ಏನು ಹೇಳಬೇಕು ಅಂತ ನಾನು ನೋಡ್ಕೋತೀನಿ." ಸ್ವಲ್ಪ ತಡೆದು, "ಇನ್ನು ತರಗತಿಗೆ ಕಳಿಸ್ತೀನಾ ಇಲ್ವಾ, ಈಗ ನನ್ನ ಕೇಳಬೇಡಿ ಮೇಡಂ. ಅವಳಿಗೆ ಬರಬೇಕು ಅನ್ನಿಸಿದರೆ ಅವಳೇ ನನ್ನ ಎಳಕೊಂಡು ಬರ್ತಾಳೆ."

"ಬಂದರೆ," ಎಂದಳು ಮೇಡಂ, "ನಾನು ಡೋಲಕ್ ನಿಲ್ಲಿಸೋದು ಅವಳಿಗೋಸ್ಕರ."

ಟೈಲರಮ್ಮ ಇನ್ನೊಂದು ಚೂರನ್ನು ಸೂಜಿಯ ಕೆಳಗೆ ಇಡುತ್ತಿದ್ದಳು.

ಬೀದಿಗೆ ಇಳಿದು ನಡೆಯುವಾಗ ಚೀಲ ಸದ್ದು ಮಾಡಲಿಲ್ಲ. ಹಿಂದಿನಿಂದ ಯಂತ್ರದ ಟಕಟಕ ಕೇಳುತ್ತಿತ್ತು. ಅದು ನಿಂತಾಗ ಮೇಡಂ ಕೂಡ ನಿಂತಳು. ತಳ್ಳುಗಾಡಿಯವನೊಬ್ಬ ಅವಳನ್ನು ಬಳಸಿಕೊಂಡು ಹೋದ. ಠಣ್ ಎನ್ನುವುದು ಸಣ್ಣಗೆ ಕೇಳಿಸಿತು. ಅದರ ಹಿಂದೆಯೇ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ, ಗುಂಯ್ ಎಂಬ ಒಂದೇ ಸ್ವರ. ಹಿಂತಿರುಗಿ ಹೋಗಿ ಕೇಳಬೇಕು ಎನ್ನಿಸಿತು. ಆದರೆ ಅದು ಅವಳಿಗಾಗಿ ಬಂದ ಸ್ವರವಲ್ಲ. ಯಂತ್ರ ಮತ್ತೆ ಓಡುವವರೆಗೆ ಅಲ್ಲೇ ಅಲ್ಲಾಡದೆ ನಿಂತಿದ್ದು, ಆಮೇಲೆ ಮನೆಯ ಕಡೆ ನಡೆದಳು.